ಹುರುಪಿನಿಂದ ಹಿಡಿತಕ್ಕೆ: ಕುಗ್ಗಿದ ತಂಡದೊಡನೆ ಹತ್ತು ನಿಮಿಷ

ಸಂಡೂರಿನ ಅದಿರು ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹೊಸಪೇಟೆ ಸುತ್ತಲಿನ ಕಾಲುವೆ ದುರಸ್ತಿ, ಹಂಪಿ ಉತ್ಸವದ ವೇದಿಕೆ ಕೆಲಸ: ಎಲ್ಲಿ ನೋಡಿದರೂ ದಿನ ಶುರುವಾಗುವುದು ಒಂದು ಪುಟ್ಟ ಸಭೆಯಿಂದ. ಹಾಜರಿ, ಹೆಲ್ಮೆಟ್ಟು ಬೂಟುಗಳ ತಪಾಸಣೆ, ಯಾರು ಎಲ್ಲಿಗೆ ಎಂಬ ಹಂಚಿಕೆ, ಎಲ್ಲ ಸೇರಿ ಹತ್ತು ನಿಮಿಷ. ಕೆಲಸ ಸಲೀಸಾಗಿ ನಡೆಯುತ್ತಿರುವಾಗ ಈ ಸಭೆ ಹೇಗೆ ನಡೆದರೂ ನಡೆದೀತು. ಹಿಂದಿನ ದಿನ ಯಂತ್ರ ಕೈಕೊಟ್ಟು, ಮೇಲಿನವರಿಂದ ಬೈಸಿಕೊಂಡು, ‘ಇದು ನಮ್ಮಿಂದ ಆಗೋದಲ್ಲ’ ಎಂಬ ಮುಖ ಹೊತ್ತು ಜನ ನಿಂತಿರುವಾಗ ಅದೇ ಹತ್ತು ನಿಮಿಷ ಕಷ್ಟದ್ದಾಗುತ್ತದೆ. ವಿವರವಾಗಿ ಮಾತಾಡಲು ಹೊತ್ತಿಲ್ಲ, ಸುಮ್ಮನಿದ್ದರೆ ದಿನವೂ ಕೆಡುತ್ತದೆ.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂಬ ಪ್ರಶ್ನೆಯ ಸುತ್ತ ನೂರು ವರ್ಷಗಳಿಂದ ಅಧ್ಯಯನಗಳು ನಡೆದಿವೆ. ಮೊದಲು ಜನರಲ್ಲಿ ಹುರುಪು ತುಂಬುವುದು ಹೇಗೆಂದು ಕೇಳುತ್ತಿದ್ದ ಈ ಕ್ಷೇತ್ರ, ಈಗ ಕೆಲಸದ ಮೇಲಿನ ಹಿಡಿತವನ್ನು ಅವರಿಗೆ ಮರಳಿ ಕೊಡುವುದು ಹೇಗೆಂದು ಕೇಳುತ್ತಿದೆ.

ರಣಭಾಷಣದ ಮಾದರಿ

ಹುರಿದುಂಬಿಸುವ ಮಾತಿಗೆ ನಮ್ಮ ಸೀಮೆಯಲ್ಲೇ ಹಳೆಯ ಉದಾಹರಣೆಯಿದೆ. 1520ರ ರಾಯಚೂರು ಕದನದಲ್ಲಿ ಆದಿಲ್‌ಶಾಹಿ ಫಿರಂಗಿಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚದುರಿತು. ಆಗ ಕೃಷ್ಣದೇವರಾಯ ತನ್ನ ಉಂಗುರ ತೆಗೆದು ಸೇವಕನ ಕೈಗಿತ್ತು, ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸೆಂದು ಹೇಳಿ, ಕುದುರೆಯೇರಿ ಉಳಿದ ಪಡೆಯೊಂದಿಗೆ ಮುನ್ನುಗ್ಗಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್ ಬರೆದಿದ್ದಾನೆ. ಕದನವಾಗಿ ಸುಮಾರು ಹದಿನೈದು ವರ್ಷಕ್ಕೆ, ಕೇಳಿದ್ದನ್ನು ಬರೆದ ಕಥನ ಅದು. ನಮ್ಮ ಪ್ರೇರಣಾ ಭಾಷಣಕಾರರು ಉಂಗುರದ ಕಥೆಯನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ. ಓಡಿಬಂದ ತನ್ನವರನ್ನೇ ದಯೆಯಿಲ್ಲದೆ ಕೊಲ್ಲಿರೆಂದೂ ರಾಯ ಆಜ್ಞಾಪಿಸಿದನೆಂದು ನುನಿಜ್ ಹೇಳುತ್ತಾನೆ. ಆ ಹುರುಪಿನ ಹಿಂದೆ ನಾಯಕನ ಧೈರ್ಯ ಎಷ್ಟಿತ್ತೋ ಸೈನಿಕರ ಭಯವೂ ಅಷ್ಟೇ ಇತ್ತು.

ಈ ಮಾದರಿ ಇಂದಿಗೂ ಹೆಚ್ಚಾಗಿ ಉಳಿದಿರುವುದು ಆಟದ ಮೈದಾನದಲ್ಲಿ. ಕಬಡ್ಡಿಯ ಮಧ್ಯಂತರ ಐದು ನಿಮಿಷ. ಸೋಲುತ್ತಿರುವ ತಂಡವನ್ನು ತರಬೇತುದಾರ ಅಷ್ಟರಲ್ಲೇ ಎಬ್ಬಿಸಬೇಕು. ಬೈಯಬೇಕೋ, ಬೆನ್ನು ತಟ್ಟಬೇಕೋ? 2019ರಲ್ಲಿ ಸಂಶೋಧಕ ಬ್ಯಾರಿ ಸ್ಟಾ ಮತ್ತು ಸಂಗಡಿಗರು ಅಮೆರಿಕದ 23 ಶಾಲಾ ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳ 304 ಮಧ್ಯಂತರ ಭಾಷಣಗಳನ್ನು ಪರಿಶೀಲಿಸಿದರು. ತರಬೇತುದಾರ ಸಿಟ್ಟು, ನಿರಾಶೆ ತೋರಿದಾಗ ಉತ್ತರಾರ್ಧದ ಆಟ ಒಂದು ಮಟ್ಟದವರೆಗೆ ಸುಧಾರಿಸಿತ್ತು. ಆ ಮಟ್ಟ ದಾಟಿದರೆ ಸಿಟ್ಟೇ ತಂಡವನ್ನು ಕೆಡಿಸುತ್ತಿತ್ತು. ‘ಬೈದರೇ ಬುದ್ಧಿ’ ಎನ್ನುವವರು ಇದರ ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಪಂದ್ಯ ಸಂಜೆಗೆ ಮುಗಿಯುತ್ತದೆ, ಗಣಿಯ ಪಾಳಿ ನಾಳೆಯೂ ಇರುತ್ತದೆ. ದಿನವೂ ಬೈಸಿಕೊಂಡ ತಂಡ ತಪ್ಪು ಮುಚ್ಚಿಡುವುದನ್ನು ಕಲಿಯುತ್ತದೆ.

ಕಿವಿಗೊಟ್ಟ ದಶಕಗಳು

ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಪ್ರಶ್ನೆಯ ದಿಕ್ಕನ್ನೇ ಬದಲಿಸಿದವು. ಬೆಳಕು ಹೆಚ್ಚಿಸಿದರೂ ಇಳಿಸಿದರೂ ಉತ್ಪಾದನೆ ಏರಿತೆಂಬ ಅವುಗಳ ಜನಪ್ರಿಯ ಕಥೆ ಈಚಿನ ಮರುಪರಿಶೀಲನೆಯಲ್ಲಿ ಅಷ್ಟೇನೂ ಗಟ್ಟಿಯಾಗಿ ನಿಂತಿಲ್ಲ. ಆದರೆ 20 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಕೂರಿಸಿಕೊಂಡು ಮಾತಾಡಿಸಿದ ಆ ಕಾರ್ಯಕ್ರಮದಿಂದ, ಕೆಲಸಗಾರನ ಮಾತಿಗೂ ಕೆಲಸಕ್ಕೂ ನಂಟಿದೆ ಎಂಬ ತಿಳಿವು ಉದ್ಯಮಕ್ಕೆ ಬಂತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಇದಕ್ಕೆ ಅಂಕಿ ಒದಗಿಸಿದ. ಮಾಂಸದ ಅಭಾವವಿತ್ತು, ಅಮೆರಿಕದ ಗೃಹಿಣಿಯರು ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನೂ ಅಡುಗೆಗೆ ಬಳಸಬೇಕಿತ್ತು. ಕೆಲವು ಗುಂಪುಗಳಿಗೆ ಸೊಗಸಾದ ಉಪನ್ಯಾಸ ಕೊಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಅಷ್ಟೇ ಹೊತ್ತು ಅಡಚಣೆಗಳ ಚರ್ಚೆ ನಡೆಸಿ, ಕೊನೆಗೆ ಯಾರು ಮಾಡಿ ನೋಡುತ್ತೀರೆಂದು ಕೈ ಎತ್ತಿಸಿದರು. ಉಪನ್ಯಾಸ ಕೇಳಿದವರಲ್ಲಿ ಶೇ 3 ಮಂದಿ, ಚರ್ಚಿಸಿದವರಲ್ಲಿ ಶೇ 32 ಮಂದಿ ಹೇಳಿದಂತೆ ಮಾಡಿದರು. ಚಿಕ್ಕ ಸಭೆಗಳ ಅಧ್ಯಯನಕ್ಕೆ ಈ ಪ್ರಯೋಗ ದೊಡ್ಡ ಆಧಾರವಾಯಿತು.

ಜಪಾನಿನಲ್ಲಿ ಕಾವೊರು ಇಷಿಕಾವಾ 1962ರಲ್ಲಿ ಆರಂಭಿಸಿದ, ಕೆಲಸಗಾರರೇ ಸೇರಿ ಕೆಲಸದ ತೊಂದರೆಗಳನ್ನು ಚರ್ಚಿಸುವ ಗುಣಮಟ್ಟ ವೃತ್ತಗಳು ಇದೇ ತಿಳಿವನ್ನು ಕಾರ್ಖಾನೆಯ ನೆಲಕ್ಕೆ ಇಳಿಸಿದವು. ಭಾರತದಲ್ಲಿ ಅವು ಮೊದಲು ಕಾಲಿಟ್ಟದ್ದು 1980ರಲ್ಲಿ, ಹೈದರಾಬಾದಿನ ಬಿಎಚ್‌ಇಎಲ್ ಘಟಕದಲ್ಲಿ. ಮುಂದೆ ನಿಂತವರು ಎಸ್. ಆರ್. ಉಡುಪ. 1982ರಲ್ಲಿ ಇದಕ್ಕೆಂದೇ ರಾಷ್ಟ್ರಮಟ್ಟದ ಸಂಸ್ಥೆಯೂ ಹುಟ್ಟಿತು.

ಅದೇ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ಸಭೆ ರೂಪುಗೊಂಡಿತು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಬೆಳೆಸಿದ ಉಳಿತಾಯ ಗುಂಪುಗಳಿಂದ 2000–01ರ ಸರ್ಕಾರಿ ಸ್ತ್ರೀಶಕ್ತಿ ಯೋಜನೆಯವರೆಗೆ ಅದು ಹರಡಿತು. ಕಂಪ್ಲಿ ಕಡೆಯ ಗದ್ದೆಯಲ್ಲಿ ನಾಟಿ ಮಾಡಿ ಬಂದ ಹೆಂಗಸಿಗೆ ಸಂಘದ ಸಭೆಗೆಂದು ಸಿಗುವುದು ಅರ್ಧ ಗಂಟೆ, ಹೆಚ್ಚೆಂದರೆ ಒಂದು. ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕ ಪುಸ್ತಕ ಎಂಬ ಪಂಚಸೂತ್ರದಲ್ಲಿ ಪ್ರೇರಣೆಯ ಮಾತೇ ಇಲ್ಲ. ಸಾಲ ಕಟ್ಟಲಾಗದೆ ತಲೆತಗ್ಗಿಸಿ ಕೂತವಳ ಎದುರು ಪುಸ್ತಕ ಬಿಚ್ಚಿ, ಇಷ್ಟು ಕಟ್ಟಿದ್ದೀಯ, ಇಷ್ಟು ಉಳಿದಿದೆ, ಮುಂದಿನ ವಾರ ಎಷ್ಟಾಗುತ್ತದೆ ಎಂದು ಕೇಳುವುದೇ ಅಲ್ಲಿ ಧೈರ್ಯ ಹೇಳುವ ರೀತಿ.

ಗಡಿಯಾರ ಬಂದ ಮೇಲೆ

ತೊಂಬತ್ತರ ದಶಕದಿಂದ ಸಭೆಯ ಅವಧಿಯೇ ಅಧ್ಯಯನದ ವಿಷಯವಾಯಿತು. 1999ರಲ್ಲಿ ಸಂಶೋಧಕ ಅಲೆನ್ ಬ್ಲೂಡಾರ್ನ್ ತಂಡ ನಿಂತು ನಡೆಸಿದ ಸಭೆಗಳನ್ನು ಕುಳಿತು ನಡೆಸಿದವುಗಳ ಜೊತೆ ಹೋಲಿಸಿತು. ಕೂತ ಸಭೆಗಳು ಶೇ 34ರಷ್ಟು ಹೆಚ್ಚು ಹೊತ್ತು ತಿಂದಿದ್ದವು, ನಿರ್ಧಾರದ ಗುಣಮಟ್ಟದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. 1995ರಲ್ಲಿ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಮಂಡಿಸಿದ ಸ್ಕ್ರಮ್ ಪದ್ಧತಿಯ ಹದಿನೈದು ನಿಮಿಷದ ದೈನಂದಿನ ಸಭೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ನಿತ್ಯಕರ್ಮವಾಗಿದೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಅಡ್ಡಿ ಏನು ಎಂಬ ಮೂರು ಪ್ರಶ್ನೆಗಳು ಬರಬರುತ್ತಾ ಮೇಲಧಿಕಾರಿಗೆ ವರದಿ ಒಪ್ಪಿಸುವ ಶಾಸ್ತ್ರವಾದವು. 2020ರ ಮಾರ್ಗಸೂಚಿಯಿಂದ ಅವನ್ನು ಕೈಬಿಡಲಾಯಿತು.

ಇದೇ ಪಾಠ ಆಸ್ಪತ್ರೆಗಳಲ್ಲೂ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿಯ ಪ್ರಕಾರ ವೈದ್ಯರು ದಾದಿಯರು ಮೂರು ಕಡೆ ಕೆಲಸ ನಿಲ್ಲಿಸಿ ಮಾತಾಡಿಕೊಳ್ಳಬೇಕು. ಅದನ್ನು ಬಳಸಿ ನೋಡಿದ, ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು. ಕೆನಡಾದ ಒಂಟಾರಿಯೊದಲ್ಲಿ ಪಟ್ಟಿಯನ್ನು ಎಲ್ಲೆಡೆ ಕಡ್ಡಾಯ ಮಾಡಿದ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಕಾಗದದಲ್ಲಿ ಟಿಕ್ ಬಿದ್ದಷ್ಟಕ್ಕೆ ಸಭೆ ನಡೆದಂತಲ್ಲ.

ಸೋಲಿನ ಲೆಕ್ಕ

ಕುಗ್ಗಿದ ಮನಸ್ಸಿನ ಒಳಗೇನಾಗುತ್ತದೆ ಎಂಬುದನ್ನು ಮನೋವಿಜ್ಞಾನ ಬೇರೆ ದಾರಿಯಲ್ಲಿ ಹುಡುಕುತ್ತಿತ್ತು. ಮಾರ್ಟಿನ್ ಸೆಲಿಗ್‌ಮನ್ 1967ರಿಂದ ನಡೆಸಿದ ಅಧ್ಯಯನಗಳು, ಏನು ಮಾಡಿದರೂ ಫಲ ಬದಲಾಗದೆಂಬ ಅನುಭವ ಪದೇ ಪದೇ ಆದರೆ ಪ್ರಯತ್ನವೇ ನಿಂತುಹೋಗುತ್ತದೆ ಎಂದು ಸೂಚಿಸಿದವು. 1984ರಲ್ಲಿ ಕಾರ್ಲ್ ವೈಕ್ ಇದಕ್ಕೆ ಉತ್ತರದಂತಿರುವ ವಾದ ಮುಂದಿಟ್ಟ: ದೊಡ್ಡ ಸಮಸ್ಯೆ ಎದುರಿಗಿದ್ದರೆ ಗಾಬರಿಯಲ್ಲಿ ಬುದ್ಧಿ ಓಡುವುದಿಲ್ಲ, ಅದನ್ನು ಗೆಲ್ಲಬಹುದಾದ ಚಿಕ್ಕ ತುಂಡುಗಳಾಗಿ ಕತ್ತರಿಸಿ. 2011ರಲ್ಲಿ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ 238 ನೌಕರರ ಸುಮಾರು 12 ಸಾವಿರ ದಿನಚರಿ ಪುಟಗಳನ್ನು ಓದಿ ವೈಕ್‌ನ ವಾದಕ್ಕೆ ಬಲ ತಂದರು. ಒಳ್ಳೆಯ ದಿನವೆಂದು ಬರೆದುಕೊಂಡ ದಿನಗಳಲ್ಲಿ ಹೆಚ್ಚಾಗಿ ಕಂಡದ್ದು ಕೆಲಸ ಒಂದಿಷ್ಟು ಮುಂದೆ ಹೋದ ಸುದ್ದಿ. ಹಿನ್ನಡೆಯ ಪೆಟ್ಟು ಮುನ್ನಡೆಯ ಖುಷಿಗಿಂತ ಬಲವಾಗಿತ್ತು. ವ್ಯವಸ್ಥಾಪಕರನ್ನು ಕೇಳಿದರೆ ಪ್ರೇರಣೆಯ ಕಾರಣಗಳಲ್ಲಿ ಈ ಮುನ್ನಡೆಗೆ ಕೊನೆಯ ಸ್ಥಾನ ಕೊಟ್ಟಿದ್ದರು.

ಇದನ್ನು ಪಾಳಿಯ ಮಾತಿಗೆ ತಂದು ನೋಡೋಣ. ಗಣಿಯೊಂದರಲ್ಲಿ ಅದಿರು ಸಾಗಿಸುವ ಬೆಲ್ಟ್ ನಿನ್ನೆ ಎರಡು ಸಲ ಹರಿದಿದೆ ಎನ್ನಿ. ‘ಇವತ್ತು ಟಾರ್ಗೆಟ್ ಮುಟ್ಟಲೇಬೇಕು, ಮನಸ್ಸಿಟ್ಟು ಮಾಡ್ರಿ’ ಎಂದರೆ ನಿನ್ನೆ ಮನಸ್ಸಿಡಲಿಲ್ಲ ಎಂಬ ಆರೋಪವೂ ಅದರೊಳಗೆ ಸೇರಿಕೊಳ್ಳುತ್ತದೆ. ತಿಳಿದ ಫೋರ್‌ಮನ್ ಹೀಗೆ ಹೇಳುತ್ತಾನೆ: ‘ಬೆಲ್ಟ್ ಎರಡು ಸಲ ಹರೀತು. ನೀವು ಹಾಕಿದ ಜಾಯಿಂಟ್ ಸರಿ ಐತಿ, ರೋಲರ್ ಹಿಡ್ಕೊಂಡಿತ್ತು. ಊಟದೊಳಗ ಮೂರು ರೋಲರ್ ಬದಲಿ ಮಾಡೋಣ. ಯಾರಿಗೆ ಏನು ಬೇಕು, ಈಗಲೇ ಹೇಳ್ರಿ.’ ಹಿಂದೆ ನಿಂತ ಫಿಟ್ಟರ್ ಬಾಯಿ ಬಿಡುತ್ತಾನೆ: ‘ಸಾರ್, ಸ್ಟೋರ್‌ನಾಗ ಎರಡೇ ಅದಾವು.’ ‘ಎರಡರಿಂದ ಶುರು ಮಾಡ್ರಿ, ಇನ್ನೊಂದು ನಾ ತರಿಸ್ತೀನಿ.’

ಎರಡು ನಿಮಿಷದ ಮಾತು. ಸೋಲನ್ನು ಮುಚ್ಚಿಡದೆ ಹೇಳಿ, ಅದರ ಕಾರಣವನ್ನು ಜನರ ಯೋಗ್ಯತೆಯಿಂದ ಬೇರ್ಪಡಿಸಿದ್ದಾಯಿತು. ಮಧ್ಯಾಹ್ನದೊಳಗೆ ಕಣ್ಣಿಗೆ ಕಾಣುವ ಕೆಲಸವೊಂದು ಗೊತ್ತಾಯಿತು. ಸ್ಟೋರಿನ ಕೊರತೆ ಸಂಜೆಯ ನೆಪವಾಗುವ ಬದಲು ಬೆಳಿಗ್ಗೆಯೇ ಹೊರಬಂತು, ಅದನ್ನು ತುಂಬುವ ಹೊಣೆ ಮೇಲಿನವನ ತಲೆಗೆ ಹೋಯಿತು.

ಐದು ತುಂಡುಗಳ ಗೇಟು

ಇದರ ದೊಡ್ಡ ರೂಪ 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಮೇಲೆ ಕಂಡಿತು. 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಸುಮಾರು 105 ಟಿಎಂಸಿ ಸಾಮರ್ಥ್ಯದ ಜಲಾಶಯ ತುಂಬಿ ನಿಂತಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಕರ್ನಾಟಕ, ಆಂಧ್ರ, ತೆಲಂಗಾಣದ ರೈತರ ಬೆಳೆ ಗಂಟೆಗಂಟೆಗೂ ಹೊಳೆ ಪಾಲಾಗುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವ ಕೆಲಸಕ್ಕೆ ಕೈಹಾಕಿದರು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿಗೆ ಇಡೀ ಗೇಟು ಕೂರಿಸುವ ಬದಲು ನಾಲ್ಕು ನಾಲ್ಕು ಅಡಿಯ ಐದು ತುಂಡುಗಳು. 15ರ ಪ್ರಯತ್ನ ಕೈಗೂಡಲಿಲ್ಲ. 16ರಂದು ಮೊದಲ ತುಂಡು ಕೂತಿತು, 17ರಂದು ಐದೂ ಕೂತವು.

ತುಂಡು ಮಾಡಿದ್ದಕ್ಕೆ ಕಾರಣ ಎಂಜಿನಿಯರಿಂಗ್, ಮನೋವಿಜ್ಞಾನವಲ್ಲ. ಆದರೂ ಅದರ ಪರಿಣಾಮ ಮನಸ್ಸಿನ ಮೇಲೂ ಆಗದಿರದು. ವಿಫಲವಾದ ದಿನದ ಮರುಬೆಳಿಗ್ಗೆ ತಂಡದ ಮುಂದಿದ್ದದ್ದು ‘ಜಲಾಶಯ ಉಳಿಸಿ’ ಎಂಬ ಹೆಗಲಿಗೆ ಮೀರಿದ ಗುರಿಯಷ್ಟೇ ಅಲ್ಲ, ಒಂದು ತುಂಡನ್ನು ಅದರ ಜಾಗದಲ್ಲಿ ಕೂರಿಸುವ ಕೆಲಸವೂ ಹೌದು. ವೈಕ್ ಬರೆದದ್ದು ಇದನ್ನೇ.

ಸಭೆಯ ಗಡಿ

ಈ ವಿದ್ಯೆಗೆ ಮಿತಿಯೂ ಇದೆ, ಅದಕ್ಕೂ ಇಲ್ಲೇ ಸಾಕ್ಷಿ ಸಿಗುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲೂಟಿಯಾದ ಗುಡ್ಡಗಳಿಗೆ ಆ ಆದೇಶ ಬೇಕಾಗಿತ್ತು. ಲಾರಿ ಚಾಲಕ, ಕ್ಲೀನರ್, ಗುತ್ತಿಗೆ ಕೂಲಿಗೆ ಮಾತ್ರ ರಾತ್ರೋರಾತ್ರಿ ಕೆಲಸ ಹೋಯಿತು. ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ 2013ರ ಏಪ್ರಿಲ್‌ನಲ್ಲಿ ಅಂತಿಮ ತೀರ್ಪು ಬರುವವರೆಗೆ ಅವರ ನಾಳೆಯನ್ನು ಯಾವ ಮೇಸ್ತ್ರಿಯೂ ಮ್ಯಾನೇಜರೂ ಹೇಳುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ‘ಧೈರ್ಯಗೆಡಬೇಡಿ’ ಎನ್ನುವ ಸಭೆ ಜನರನ್ನು ಇನ್ನಷ್ಟು ರೇಗಿಸುತ್ತದೆ. ತಂಡದ ಕೈಯಲ್ಲಿ ಏನೂ ಇಲ್ಲದಾಗ ಕೊಡಲು ಹಿಡಿತವೂ ಇರುವುದಿಲ್ಲ. ಗೊತ್ತಿರುವ ಸತ್ಯ, ಬರಬೇಕಾದ ಸಂಬಳದ ಲೆಕ್ಕ, ಮತ್ತೆ ಯಾವಾಗ ಸೇರುತ್ತೇವೆಂಬ ದಿನಾಂಕ ಇಷ್ಟನ್ನೇ ಹೇಳಿ ಸಭೆ ಮುಗಿಸುವುದು ಮರ್ಯಾದೆ.

ಆದ್ದರಿಂದ ಸಭೆ ಕರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸಂಜೆಯೊಳಗೆ ಈ ಜನರ ಕೈಯಿಂದ ಬದಲಾಗಬಹುದಾದದ್ದು ಏನು? ಅದಕ್ಕೆ ಉತ್ತರವಿದ್ದರೆ ಹತ್ತು ನಿಮಿಷ ಸಾಕು. ಉತ್ತರವಿಲ್ಲದಿದ್ದರೆ ತಂಡಕ್ಕೆ ಭಾಷಣ ಮಾಡುವ ಬದಲು ಆ ಹತ್ತು ನಿಮಿಷವನ್ನು ಮೇಲಿನವರ ಬಾಗಿಲು ತಟ್ಟಲು ಬಳಸುವುದೇ ಲೇಸು.