ಕೆಮ್ಮಣ್ಣಿನ ಅದಿರು, ಫಿರಂಗಿಯ ಕಾಲ

ಕೆಮ್ಮಣ್ಣುಗುಂಡಿ ಎಂದೊಡನೆ ಪ್ರವಾಸಿಗರಿಗೆ ನೆನಪಾಗುವುದು ಮಂಜು, ಹೂದೋಟ ಮತ್ತು ಕೃಷ್ಣರಾಜೇಂದ್ರ ಗಿರಿಧಾಮ. ಆದರೆ ತರೀಕೆರೆ ತಾಲ್ಲೂಕಿನ ಈ ಬೆಟ್ಟಕ್ಕೆ ಹೆಸರು ಬಂದದ್ದು ಅದರ ಕೆಂಪು ಮಣ್ಣಿನಿಂದ. ಆ ಮಣ್ಣಿನಲ್ಲಿದ್ದ ಕಬ್ಬಿಣದ ಅದಿರಿನ ಭಾಗ್ಯಕ್ಕೂ ದೂರದ ಯೂರೋಪಿನ ಫಿರಂಗಿಗಳಿಗೂ ಒಂದು ನಂಟಿತ್ತು.

ಮೊದಲನೆಯ ಮಹಾಯುದ್ಧ ಮುಖ್ಯವಾಗಿ ಫಿರಂಗಿಗಳ ಯುದ್ಧ. ಕೋಟಿಗಟ್ಟಲೆ ಗುಂಡುಗಳಿಗೆ ಲೋಹ ಬೇಕಾಗಿ ಕಬ್ಬಿಣದ ಬೆಲೆ ಏರಿತು. ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಂಡದ್ದು ಆ ವರ್ಷಗಳಲ್ಲೇ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಆದ್ದರಿಂದ ಮಲೆನಾಡಿನ ಮರದ ಇದ್ದಿಲೇ ಕುಲುಮೆಗೆ ಉರುವಲಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇ ಮೂಲಕ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿ ಸೇರುತ್ತಿತ್ತು.

ಆದರೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಗುವ ವೇಳೆಗೆ ಯುದ್ಧ ಮುಗಿದು ನಾಲ್ಕು ವರ್ಷ ಕಳೆದಿತ್ತು. ಬೆಲೆ ಕುಸಿದಿತ್ತು. ಹೊಸ ಕಾರ್ಖಾನೆ ಹುಟ್ಟುತ್ತಲೇ ನಷ್ಟ ಕಂಡಿತು.

ಅದೇ ಶಾಂತಿ ಫಿರಂಗಿಗಳ ಮೇಲೂ ಪರಿಣಾಮ ಬೀರಿತು. ಮುಂದಿನ ಹತ್ತು ವರ್ಷ ದೊಡ್ಡ ಯುದ್ಧವಿಲ್ಲವೆಂಬ ಲೆಕ್ಕದಲ್ಲೇ ಸೇನೆಗೆ ಹಣ ಒದಗಿಸಬೇಕೆಂದು ಬ್ರಿಟನ್ 1919ರಲ್ಲಿ ನಿಯಮ ಮಾಡಿತು. 1932ರವರೆಗೆ ಅದು ಜಾರಿಯಲ್ಲಿತ್ತು. ಹಾಗಾಗಿ ಹಳೆಯ 60 ಪೌಂಡರ್ ಮತ್ತು 6 ಅಂಗುಲದ ಹೊವಿಟ್ಜರ್‌ಗಳೇ ಮಧ್ಯಮ ದರ್ಜೆಯ ಫಿರಂಗಿಗಳಾಗಿ ಉಳಿದವು. ಅವುಗಳ ಜಾಗಕ್ಕೆ 5.5 ಅಂಗುಲದ ಹೊಸ ಫಿರಂಗಿಯನ್ನು 1939ರಲ್ಲಿ ಗೊತ್ತುಪಡಿಸಲಾಯಿತು. ಅದು ರಣರಂಗ ಕಂಡದ್ದು 1942ರಲ್ಲಿ. ಸುಮಾರು 45 ಕಿಲೋ ತೂಕದ ಗುಂಡನ್ನು 14 ಕಿಲೋಮೀಟರಿಗೂ ದೂರ ಎಸೆಯುತ್ತಿದ್ದ ಈ ಫಿರಂಗಿಯನ್ನು ಭಾರತೀಯ ಸೇನೆ 1965 ಮತ್ತು 1971ರ ಯುದ್ಧಗಳಲ್ಲೂ ಬಳಸಿತು.

ಭದ್ರಾವತಿಯದು ಫಿರಂಗಿಯ ಕಾರ್ಖಾನೆಯಲ್ಲ. ಆರಂಭದಲ್ಲಿ ಅಲ್ಲಿ ತಯಾರಾಗುತ್ತಿದ್ದುದು ಬೀಡು ಕಬ್ಬಿಣ. ಇಂಗಾಲ ಹೆಚ್ಚಾಗಿರುವ ಅದು ಪೆಟ್ಟು ಬಿದ್ದರೆ ಒಡೆಯುತ್ತದೆ. ಸಿಡಿಮದ್ದಿನ ಒತ್ತಡ ತಾಳಬೇಕಾದ ಫಿರಂಗಿಯ ನಳಿಗೆಗೆ ಗಟ್ಟಿ ಉಕ್ಕೇ ಆಗಬೇಕು. ಭದ್ರಾವತಿಯಲ್ಲಿ ಉಕ್ಕಿನ ತಯಾರಿಕೆ ಆರಂಭವಾದದ್ದು 1936ರಲ್ಲಿ.

ಹಾಗಾದರೆ ಕಾರ್ಖಾನೆ ಉಳಿದದ್ದು ಹೇಗೆ? ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವೆಚ್ಚ ತಗ್ಗಿಸಿ ಅದನ್ನು ಹಳಿಗೆ ತಂದರು. ಇದ್ದಿಲು ಸುಡುವಾಗ ಸಿಗುವ ಉಪವಸ್ತುಗಳು, ಎರಕದ ಕೊಳವೆಗಳು, ಮುಂದೆ ಉಕ್ಕು ಮತ್ತು ಸಿಮೆಂಟು ಅದರ ಕೈ ಹಿಡಿದವು. ಯುದ್ಧಕಾಲದಲ್ಲಿ ಬೆಲೆ ಬಂದಿದ್ದ ಕಬ್ಬಿಣ ಕೊನೆಗೆ ನೆಲೆ ಕಂಡದ್ದು ಊರುಗಳಿಗೆ ನೀರು ಹರಿಸುವಂಥ ಶಾಂತಿಕಾಲದ ಕೆಲಸಗಳಲ್ಲಿ.