‘ಕುಮ್ಮಕ್ಕು’: ನೆರವಿನಿಂದ ಮರೆಯ ಬೆಂಬಲದವರೆಗೆ

ಇಂದಿನ ಕನ್ನಡದಲ್ಲಿ ‘ಕುಮ್ಮಕ್ಕು’ ಎಂಬ ಪದವು ಕೆಟ್ಟ ಕೆಲಸಕ್ಕೆ ಮರೆಯಲ್ಲಿ ನಿಂತು ಕೊಡುವ ಬೆಂಬಲವನ್ನು ಸೂಚಿಸುತ್ತದೆ. ‘ಗಲಭೆಗೆ ಕುಮ್ಮಕ್ಕು’, ‘ಯಾರ ಕುಮ್ಮಕ್ಕಿನಿಂದ ಇದು ನಡೆಯಿತು?’ ಎಂಬ ಪ್ರಯೋಗಗಳು ಸಹಜ. ‘ಶಾಲೆಯ ಕಟ್ಟಡಕ್ಕೆ ಊರಿನವರ ಕುಮ್ಮಕ್ಕು’ ಎಂಬುದು ಅಸಹಜ. ಪದದ ಮೂಲದಲ್ಲಾದರೋ ಗುಟ್ಟೂ ಇಲ್ಲ, ದೋಷವೂ ಇಲ್ಲ. ಈ ಎರಡು ಅರ್ಥಾಂಶಗಳು ಹೇಗೆ ಸೇರಿದವು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ನೆರವು ಎಂಬರ್ಥದ ತುರ್ಕಿ ಮೂಲದ ಪದವೊಂದು ಪಾರಸಿಯಲ್ಲಿ ‘ಕುಮಕ್’ ಎಂದಾಯಿತು. ಪಾರಸಿ ಚರಿತ್ರೆಗಳಲ್ಲಿ ಅದು ವಿಶೇಷವಾಗಿ ಹೋರಾಡುತ್ತಿರುವ ಸೈನ್ಯಕ್ಕೆ ಹಿಂದಿನಿಂದ ಬರುವ ಪೂರಕ ಪಡೆಯ ಹೆಸರು. ಮರಾಠಿಯ ‘ಕುಮಕ್’ ಇಂದಿಗೂ ಈ ಅರ್ಥವನ್ನು ಉಳಿಸಿಕೊಂಡಿದೆ.

ಕರ್ನಾಟಕದಲ್ಲಿಯೇ ಈ ಪದದ ಬಂಧುಗಳೆರಡು ನಿರ್ದೋಷವಾಗಿ ಉಳಿದಿವೆ. ಮೊದಲನೆಯದು ದಕ್ಷಿಣ ಕನ್ನಡದ ‘ಕುಮ್ಕಿ’. ಹಳೆಯ, ಅಂದರೆ ‘ಕದೀಮ್’, ವರ್ಗಭೂಮಿಗೆ ತಾಗಿದ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ಮುಂತಾದವನ್ನು ಪಡೆಯುವ ಸವಲತ್ತು ಅದು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಅದನ್ನು ಹೆಸರಿಸಿಯೇ ಉಳಿಸಿದೆ. ಎರಡನೆಯದು ಕಾಡಾನೆಯನ್ನು ಹಿಡಿಯಲು ನೆರವಾಗುವ, ಪಳಗಿದ ‘ಕುಮ್ಕಿ ಆನೆ’.

ಪೂರಕ ಪಡೆ, ಕುಮ್ಕಿ ಜಾಗ, ಕುಮ್ಕಿ ಆನೆ ಈ ಮೂರರಲ್ಲಿಯೂ ಸಮಾನವಾದ ಅಂಶವೊಂದಿದೆ: ನೆರವು ನೀಡುವುದು ಪ್ರಧಾನವಲ್ಲ, ಅದು ಪ್ರಧಾನವಾದುದರ ಹಿಂದೆ ಅಥವಾ ಪಕ್ಕದಲ್ಲಿರುತ್ತದೆ. ಈ ಅಸಮಾನ ಸಂಬಂಧವೇ ‘ಕುಮ್ಮಕ್ಕಿ’ನ ಅರ್ಥಪಲ್ಲಟಕ್ಕೆ ಆಧಾರವೆಂಬುದು ನನ್ನ ವಾದ. ಹಿಂದೆ ನಿಂತವನನ್ನು ಮರೆಯಲ್ಲಿ ನಿಂತವನೆಂದು ಗ್ರಹಿಸಲು ಒಂದೇ ಹೆಜ್ಜೆ ಸಾಕು. ‘ಸಹಾಯ’, ‘ಬೆಂಬಲ’, ‘ನೆರವು’ ಎಂಬ ಪದಗಳು ಒಳ್ಳೆಯ ನೆರವಿನ ಅರ್ಥಕ್ಷೇತ್ರವನ್ನು ಆವರಿಸಿದ್ದುದರಿಂದ ಎರವಲು ಪದಕ್ಕೆ ಉಳಿದದ್ದು ಕೆಟ್ಟ ನೆರವು ಮಾತ್ರ. ಅರ್ಥಸಂಕೋಚ ಮತ್ತು ಹೀನಾರ್ಥಪ್ರಾಪ್ತಿ ಇಲ್ಲಿ ಜೊತೆಯಾಗಿ ನಡೆದಿವೆ. ನಿರ್ದಿಷ್ಟ ಜಾಗಕ್ಕೂ ಪ್ರಾಣಿಗೂ ಕಟ್ಟುಬಿದ್ದ ‘ಕುಮ್ಕಿ’ಗೆ ಇಂಥ ಸ್ಪರ್ಧೆಯಿರಲಿಲ್ಲವಾದ್ದರಿಂದ ಅದು ಕಳಂಕದಿಂದ ಪಾರಾಯಿತು.

‘ಶಾಮೀಲು’ ಪದದೊಡನೆ ಹೋಲಿಸಿದರೆ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಳಗೊಂಡ ಎಂಬರ್ಥದ ಅರಬ್ಬಿ ‘ಶಾಮಿಲ್’ ಅದರ ಮೂಲ. ಹಿಂದಿಯಲ್ಲಿ ಮದುವೆಗೂ ‘ಶಾಮಿಲ್’ ಆಗಬಹುದು. ಪಂಜಾಬಿನ ‘ಶಾಮಲಾತ್’ ಊರಿಗೆಲ್ಲ ಸೇರಿದ ಸಾಮುದಾಯಿಕ ಭೂಮಿ. ಕನ್ನಡದಲ್ಲಾದರೋ ‘ಶಾಮೀಲಾಗು’ ಪ್ರಧಾನವಾಗಿ ಅಕ್ರಮದಲ್ಲಿ ಗುಟ್ಟಾಗಿ ಕೈಜೋಡಿಸುವುದು. ಎರಡು ಪದಗಳ ವಾಕ್ಯರಚನೆ ಬೇರೆ. ಶಾಮೀಲಾಗುವುದು ಒಬ್ಬರ ‘ಜೊತೆ’, ಒಂದು ಕೃತ್ಯ‘ದಲ್ಲಿ’. ಕುಮ್ಮಕ್ಕು ಕೊಡುವುದು ಒಬ್ಬರಿ‘ಗೆ’, ಒಂದು ಕೃತ್ಯ‘ಕ್ಕೆ’. ಮೊದಲನೆಯದು ಸಮಾನರ ಕೂಟ, ಎರಡನೆಯದು ಹಿಂದಿನಿಂದ ಮುಂದಕ್ಕೆ ಹರಿಯುವ ಬಲ. ಮೂಲಪದಗಳ ಸಂಬಂಧವಿನ್ಯಾಸವು ಅರ್ಥ ಕೆಟ್ಟ ಮೇಲೂ ವಿಭಕ್ತಿಗಳಲ್ಲಿ ಉಳಿದುಬಂದಿದೆ.

ಎರಡಕ್ಕೂ ಸಮಾನವಾದ ಲಕ್ಷಣವೊಂದುಂಟು. ‘ನಾನು ಕುಮ್ಮಕ್ಕು ಕೊಟ್ಟೆ’, ‘ನಾನು ಶಾಮೀಲಾದೆ’ ಎಂಬ ಉತ್ತಮಪುರುಷ ವಾಕ್ಯಗಳು ತಪ್ಪೊಪ್ಪಿಗೆಯಾಗಿ ಮಾತ್ರ ಸಲ್ಲುತ್ತವೆ. ಇವು ಸಾಮಾನ್ಯವಾಗಿ ಅನ್ಯರ ಬಗ್ಗೆ ಆಡುವ ಪದಗಳು. ಕಾನೂನಿನ ‘ದುಷ್ಪ್ರೇರಣೆ’ಯಲ್ಲಿ ದೋಷವನ್ನು ‘ದುಷ್’ ಎಂಬ ಉಪಸರ್ಗ ಎತ್ತಿ ಹೇಳುತ್ತದೆ. ‘ಕುಮ್ಮಕ್ಕಿ’ನಲ್ಲಿ ಆರೋಪವು ಪದದೊಳಗೇ ಅಡಗಿದೆ.

ಆದ್ದರಿಂದ ಪಾರಸಿ, ಮರಾಠಿ ಕಡತಗಳನ್ನು ಕನ್ನಡಕ್ಕೆ ತರುವವರು ಎಚ್ಚರ ವಹಿಸಬೇಕಾಗುತ್ತದೆ. ‘ಕುಮಕ್’ ಎಂಬುದನ್ನು ಧ್ವನಿಸಾಮ್ಯ ನಂಬಿ ‘ಕುಮ್ಮಕ್ಕು’ ಎಂದು ಅನುವಾದಿಸಿದರೆ ಬಹಿರಂಗವಾಗಿ ಪಡೆ ಕಳುಹಿಸಿದ ಮಿತ್ರನು ಸಂಚುಗಾರನಾಗಿಬಿಡುತ್ತಾನೆ. ನಿಘಂಟುಗಳು ‘ಸಹಾಯ’ ಮತ್ತು ‘ಮರೆಯ ಬೆಂಬಲ’ ಎಂಬ ಅರ್ಥಗಳನ್ನು ಒಂದೇ ಸಾಲಿನಲ್ಲಿ ಇಡದೆ, ಒಂದನ್ನು ಮೂಲಾರ್ಥವೆಂದೂ ಇನ್ನೊಂದನ್ನು ರೂಢಾರ್ಥವೆಂದೂ ಬೇರ್ಪಡಿಸಿ ತೋರಿಸುವುದು ಅವಶ್ಯಕ.