ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾಗೂ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ, ಮಹಾವೀರ ಚಕ್ರ

1. ಸ್ಥಾಪನೆ
ಭಾರತೀಯ ವಾಯುಪಡೆಯು 1932ರ ಅಕ್ಟೋಬರ್ 8ರಂದು ಅಸ್ತಿತ್ವಕ್ಕೆ ಬಂದಿತು. ಅದರ ಪ್ರಥಮ ಘಟಕವಾದ 1ನೇ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಕಾರ್ಯಾರಂಭ ಮಾಡಿತು. 'ಟೈಗರ್ಸ್' ಎಂದು ಪ್ರಸಿದ್ಧವಾದ ಈ ಸ್ಕ್ವಾಡ್ರನ್ 1944ರಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ಇಂಫಾಲ ಕದನದಲ್ಲಿ ಭಾಗವಹಿಸಿತು. 1965ರ ಯುದ್ಧಕಾಲದಲ್ಲಿ ಅವರೇ ವಾಯುಪಡೆಯ ಮುಖ್ಯಸ್ಥರಾಗಿದ್ದರು.

2. ಸರ್ಗೋಧಾ ದಾಳಿ
1965ರ ಸೆಪ್ಟೆಂಬರ್ 7ರ ಮುಂಜಾನೆ, ಪಂಜಾಬಿನ ಆದಂಪುರದಿಂದ ಹೊರಟ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಸಿದವು. ಕೊಡಗಿನವರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ಮೀಸಲು ಪೈಲಟ್ ಆಗಿ ನಿಯೋಜಿತರಾಗಿದ್ದು, ದಾಳಿಯ ತಂಡವನ್ನು ಸೇರಿಕೊಂಡರು. ಹಿಂದಿರುಗುವಾಗ ಶತ್ರುಪಕ್ಷದ ಸ್ಟಾರ್‌ಫೈಟರ್ ವಿಮಾನವೊಂದು ಅವರನ್ನು ಅಡ್ಡಗಟ್ಟಿತು. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ; ಮಿಸ್ಟೇರ್ ಅದಕ್ಕಿಂತ ಬಹಳ ನಿಧಾನಗತಿಯದು. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ದೇವಯ್ಯ ಅವರು ಎದುರು ತಿರುಗಿ ಹೋರಾಡಿ ಸ್ಟಾರ್‌ಫೈಟರನ್ನು ಉರುಳಿಸಿದರು. ಅದರ ಪೈಲಟ್ ಧುಮುಕುಕೊಡೆಯ ನೆರವಿನಿಂದ ಪಾರಾದರು. ದೇವಯ್ಯ ಅವರು ಮರಳಲಿಲ್ಲ.

3. ತಡವಾಗಿ ಸಂದ ಗೌರವ
ಈ ಕಾಳಗವನ್ನು ಸಹಚರರಾರೂ ಕಂಡಿರದ ಕಾರಣ ದೇವಯ್ಯ ಅವರನ್ನು ಕಾಣೆಯಾದವರೆಂದು ದಾಖಲಿಸಲಾಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು ಪಾಕಿಸ್ತಾನದ ವಾಯುಯುದ್ಧ ಕುರಿತು ಬರೆದ ಪುಸ್ತಕವು ಪ್ರಕಟವಾದ ನಂತರ ಸ್ಟಾರ್‌ಫೈಟರ್ ಪತನದ ವಿವರ ಬೆಳಕಿಗೆ ಬಂದಿತು. ವಾಯುಪಡೆಯು ವಿಷಯವನ್ನು ಪರಿಶೀಲಿಸಿತು. ಘಟನೆ ನಡೆದು 23 ವರ್ಷಗಳ ತರುವಾಯ, 1988ರಲ್ಲಿ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು. ಯುದ್ಧಕಾಲದ ಶೌರ್ಯ ಪ್ರಶಸ್ತಿಗಳಲ್ಲಿ ಇದು ಪರಮವೀರ ಚಕ್ರದ ನಂತರದ ಸ್ಥಾನ ಹೊಂದಿದೆ. ಮಡಿಕೇರಿಯ ವೃತ್ತವೊಂದಕ್ಕೆ ಅವರ ಹೆಸರನ್ನಿಡಲಾಗಿದೆ. 1ನೇ ಸ್ಕ್ವಾಡ್ರನ್ ಮುಂದೆ ಗ್ವಾಲಿಯರ್‌ನಲ್ಲಿ ನೆಲೆಗೊಂಡು ಮಿರಾಜ್-2000 ವಿಮಾನಗಳನ್ನು ಪಡೆಯಿತು.

4. ಸಾರ್ವಜನಿಕರ ಗಮನಕ್ಕೆ
ದಾಖಲೆಯಿಲ್ಲದೆ ಶೌರ್ಯವೂ ಮರೆಯಾಗಬಹುದೆಂಬುದಕ್ಕೆ ಈ ಪ್ರಕರಣ ನಿದರ್ಶನ. ಆದುದರಿಂದ ಮಾಜಿ ಸೈನಿಕರು ಹಾಗೂ ಅವರ ಅವಲಂಬಿತರು ಸೇವಾ ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ ಮತ್ತು ಪ್ರಶಸ್ತಿ ಪತ್ರಗಳ ಮೂಲ ಪ್ರತಿಗಳನ್ನು ಜೋಪಾನವಾಗಿ ಕಾಪಾಡಿಕೊಳ್ಳುವುದು. ಹೆಸರು, ಜನ್ಮದಿನಾಂಕಗಳಲ್ಲಿ ವ್ಯತ್ಯಾಸವಿದ್ದಲ್ಲಿ ಅರ್ಜಿ ಸಲ್ಲಿಸುವ ಮುನ್ನವೇ ಸರಿಪಡಿಸಿಕೊಳ್ಳುವುದು ಸೂಕ್ತ. ಶೌರ್ಯ ಪ್ರಶಸ್ತಿ ಪುರಸ್ಕೃತರಿಗೆ ರಾಜ್ಯ ಸರ್ಕಾರ ನೀಡುವ ಅನುದಾನ ಹಾಗೂ ಇತರೆ ಸೌಲಭ್ಯಗಳ ಬಗ್ಗೆ ಆಯಾ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯನ್ನು ಸಂಪರ್ಕಿಸಬಹುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ನಿವಾಸಿಗಳು ಬೆಂಗಳೂರಿನ ಕಚೇರಿಯಲ್ಲಿ ವಿಚಾರಿಸತಕ್ಕದ್ದು.